ಮಗುವಿನ ಎದೆಯ ಗುಳ್ಳೆಗೂ ಗ್ರಹಣಕ್ಕೂ ಸಂಬಂಧವಿಲ್ಲ

ವಿಜಯಪುರ, ಬಾಗಲಕೋಟೆ ಕಡೆ ಐದನೇ ತಿಂಗಳ ಸ್ಕ್ಯಾನಿನಲ್ಲಿ ಏನಾದರೂ ಹೆಚ್ಚುಕಮ್ಮಿ ಕಂಡರೆ ಸಾಕು, ಬಸುರಿಯನ್ನೇ ಹಿಡಿದು ಕೇಳುತ್ತಾರೆ: "ಗ್ರಹಣದಾಗ ಹೊರಗ ಬಂದಿದ್ದೇನ?" ಈ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಮಗುವಿನ ಶ್ವಾಸನಾಳ ಕವಲೊಡೆಯುತ್ತಾ ಬೆಳೆಯುವಾಗ ಒಂದು ಕಡೆ ದಾರಿ ತಪ್ಪಿದರೆ ಅಲ್ಲಿ ನೀರುಗುಳ್ಳೆಗಳು ಆಗುತ್ತವೆ. ಡಾಕ್ಟರು ಇದನ್ನು ಸಿಪ್ಯಾಮ್ ಅನ್ನುತ್ತಾರೆ. ಅಪರೂಪದ ತೊಂದರೆ. ತಾಯಿ ತಿಂದದ್ದು, ನೋಡಿದ್ದು ಯಾವುದೂ ಇದಕ್ಕೆ ಕಾರಣವಲ್ಲ. ಸಾಮಾನ್ಯವಾಗಿ ವಂಶದಲ್ಲಿ ಬರುವಂಥದ್ದೂ ಅಲ್ಲ.

ಸ್ಕ್ಯಾನಿನಲ್ಲಿ ಶ್ವಾಸಕೋಶ ಬೂದು ಬಣ್ಣ, ನೀರು ಕಪ್ಪು. ಎದೆಯಲ್ಲಿ ಕಪ್ಪು ಗುಳ್ಳೆ ಕಂಡ ಕೂಡಲೇ ಡಾಕ್ಟರು ಜಠರ ಎಲ್ಲಿದೆ ಅಂತ ಹುಡುಕುತ್ತಾರೆ. ಅದು ಹೊಟ್ಟೆಯಲ್ಲಿರದೆ ಎದೆಗೆ ಏರಿದ್ದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯಲ್ಲಿ, ಅಂದರೆ ವಪೆಯಲ್ಲಿ, ತೂತಿದೆ ಅಂತ, ಅದು ಬೇರೆಯೇ ಕಾಯಿಲೆ. ಆಮೇಲೆ ಹೃದಯ ಪಕ್ಕಕ್ಕೆ ಸರಿದಿದೆಯಾ ನೋಡುತ್ತಾರೆ. ಇಷ್ಟು ಕಾಣುವಂತೆ ಮಾಡಿದವರು ಗ್ಲಾಸ್ಗೋದ ಹೆರಿಗೆ ಡಾಕ್ಟರ್ ಇಯಾನ್ ಡೊನಾಲ್ಡ್. ಶಬ್ದದ ಅಲೆಗಳಿಂದ ಕಬ್ಬಿಣದಲ್ಲಿ ಬಿರುಕು ಹುಡುಕುವ ಯಂತ್ರವನ್ನು ಬಾಯ್ಲರ್ ಕಾರ್ಖಾನೆಯಲ್ಲಿ ನೋಡಿ, ಅದನ್ನೇ ಹೊಟ್ಟೆಯೊಳಗಿನ ಗಂಟುಗಳ ಮೇಲೆ ಪ್ರಯೋಗಿಸಿದರು. 1958ರಲ್ಲಿ ಅವರ ವರದಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಶ್ವಾಸಕೋಶದಲ್ಲೇ ಗುಳ್ಳೆ ಇದ್ದರೂ ಮಗುವಿಗೆ ಉಸಿರು ಕಟ್ಟೋದಿಲ್ವಾ? ಇಲ್ಲ. ಹೊಟ್ಟೆಯಲ್ಲಿದ್ದಾಗ ಆಮ್ಲಜನಕ ಮಾಸಿನಿಂದ ಬರುತ್ತದೆ, ಶ್ವಾಸಕೋಶಕ್ಕೆ ಆ ಕೆಲಸವೇ ಇಲ್ಲ. ಹಾಗಾಗಿ ನಮಗೆ ತಿಂಗಳುಗಟ್ಟಲೆ ಸಮಯ ಸಿಗುತ್ತದೆ. ನನಗೆ ಇದೇ ದೊಡ್ಡ ಸೋಜಿಗ.

ಗುಳ್ಳೆ ಎಷ್ಟು ಜಾಗ ತಿನ್ನುತ್ತಿದೆ ಅನ್ನೋದೇ ಮುಖ್ಯ. ಉದ್ದ, ಅಗಲ, ದಪ್ಪ ಗುಣಿಸಿ, 0.52ರಿಂದ ಮತ್ತೆ ಗುಣಿಸಿ, ತಲೆಯ ಸುತ್ತಳತೆಯಿಂದ ಭಾಗಿಸುತ್ತಾರೆ. 4, 3, 3 ಸೆಂಟಿಮೀಟರ್ ಗುಳ್ಳೆ, 18 ಸೆಂಟಿಮೀಟರ್ ತಲೆ ಅಂದರೆ ಸುಮಾರು 1.04. ಲೆಕ್ಕ 1.6 ದಾಟಿದರೆ ಚಿಂತೆ ಜಾಸ್ತಿ. ಹೃದಯಕ್ಕೆ ರಕ್ತ ತರುವ ನಾಳಗಳನ್ನು ಗುಳ್ಳೆ ಅದುಮಿ, ಮಗುವಿನ ಮೈಯಲ್ಲೆಲ್ಲ ನೀರು ತುಂಬಬಹುದು. ಆಗ ಸಣ್ಣ ಸಣ್ಣ ಗುಳ್ಳೆಗಳಾದರೆ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್, ಒಂದೇ ದೊಡ್ಡದಾದರೆ ನೀರು ಬಸಿಯಲು ಸಣ್ಣ ನಳಿಕೆ. ಆದರೆ ಬಹಳಷ್ಟು ಗುಳ್ಳೆಗಳು 28 ವಾರದ ಹೊತ್ತಿಗೆ ಬೆಳೆಯೋದು ನಿಲ್ಲಿಸುತ್ತವೆ, ಮಗು ಬೆಳೆಯುತ್ತಲೇ ಇರುತ್ತದೆ. ಸ್ಕ್ಯಾನ್ ನೋಡಿದ ದಿನವೇ ಬಸುರು ತೆಗೆಸಿಬಿಡೋಣ ಅನ್ನುವವರು ಈ ಮಾತು ಕೇಳಲೇಬೇಕು.

ಉಸಿರಿನ ತೊಂದರೆ ಶುರುವಾಗೋದು ಹುಟ್ಟಿದ ಮೇಲೆ. ಕೆಲವು ಗುಳ್ಳೆಗಳು ಸೈಕಲ್ ಟ್ಯೂಬಿನ ವಾಲ್ವ್ ಇದ್ದಂತೆ, ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರೋದಿಲ್ಲ. ಮಗು ಅತ್ತಷ್ಟೂ ಗುಳ್ಳೆ ಉಬ್ಬಿ, ಪಕ್ಕದ ಒಳ್ಳೆಯ ಶ್ವಾಸಕೋಶವನ್ನು ಒತ್ತುತ್ತದೆ. ಅದಕ್ಕೇ ಗುಳ್ಳೆ ದೊಡ್ಡದಿದ್ದರೆ ಇಂಡಿಯಲ್ಲೋ ಮುದ್ದೇಬಿಹಾಳದಲ್ಲೋ ಹೆರಿಗೆಗೆ ಕಾಯದೆ, ನವಜಾತ ಶಿಶುವಿನ ಐಸಿಯು, ಮಕ್ಕಳ ಸರ್ಜನ್ ಇರುವ ದೊಡ್ಡ ಆಸ್ಪತ್ರೆಗೆ ಮೊದಲೇ ಹೋಗಬೇಕು. ಆಪರೇಷನ್ ಮಾಡಿ ಕೆಟ್ಟ ಭಾಗ ತೆಗೆದರೂ ಉಳಿದ ಶ್ವಾಸಕೋಶ ಕೆಲವು ವರ್ಷ ಬೆಳೆಯುತ್ತಲೇ ಇರುತ್ತದೆ. ಮಗು ಎಲ್ಲರಂತೆ ಓಡಾಡುತ್ತದೆ.

ಹುಟ್ಟಿದಾಗ ಮಗು ಚೆನ್ನಾಗಿಯೇ ಇದ್ದು, ಎಕ್ಸ್‌ರೇ ನಾರ್ಮಲ್ ಅಂದರೂ ಗುಳ್ಳೆ ಹೋಯಿತು ಅಂತ ಸುಮ್ನಾಗಬೇಡಿ. ಎಕ್ಸ್‌ರೇಗೆ ಕಾಣದ ಗುಳ್ಳೆ ಸಿಟಿ ಸ್ಕ್ಯಾನಿನಲ್ಲಿ ಸಿಗುತ್ತದೆ, ಮುಂದೆ ಅದರಲ್ಲಿ ಸೋಂಕು ಆಗಬಹುದು. ಆ ಐದನೇ ತಿಂಗಳ ರಿಪೋರ್ಟನ್ನು ಮಗುವಿನ ಲಸಿಕೆ ಕಾರ್ಡಿನ ಜೊತೆಗೇ ಇಟ್ಟು, ಮಕ್ಕಳ ಡಾಕ್ಟರಿಗೆ ತೋರಿಸಿ.