ಕಣ್ಣು ಬಿಟ್ಟೇ ಇತ್ತು

ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಕಣ್ಣೂರು ವಿಮಾನ ನಿಲ್ದಾಣಕ್ಕೆ ಹೋಗಲು ನನಗೊಬ್ಬ ಖಾಯಂ ಟ್ಯಾಕ್ಸಿ ಹುಡುಗ ಇದ್ದಾನೆ. ಬೆಳಗಿನ ವಿಮಾನವಾದರೆ ರಾತ್ರಿ ಎರಡೂವರೆಗೇ ತೋಟದ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಾನೆ. ಹೋದ ಸಲ ಪೆರುಂಬಾಡಿ ದಾಟಿದ್ದೇ ತಡ, ಅವನ ಮಾತು ನಿಂತಿತು. ಒಂದು ತಿರುವಿನಲ್ಲಿ ಗಾಡಿ ಮೆಲ್ಲಗೆ ಬಲಕ್ಕೆ ವಾಲಿತು.

“ನಿದ್ದೆ ಬಂತೇನೋ?”

“ಇಲ್ಲ ಸಾರ್, ಕಣ್ಣು ಬಿಟ್ಕೊಂಡೇ ಇದ್ದೀನಲ್ಲ.”

ಸುಳ್ಳಲ್ಲ, ಕಣ್ಣು ಬಿಟ್ಟೇ ಇತ್ತು. ನಿವೃತ್ತಿಯಾಗಿ ಕಾಫಿ ಗಿಡಗಳ ನಡುವೆ ಕೂರುವ ಮೊದಲು ವರ್ಷಗಟ್ಟಲೆ ಪ್ರಯಾಣಿಕರ ವಿಮಾನ ಹಾರಿಸಿದವನು ನಾನು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಮಿದುಳು ಕೆಲವು ಸೆಕೆಂಡು ಅಂಗಡಿ ಮುಚ್ಚಿರುತ್ತದೆ, ಬಾಗಿಲು ಮಾತ್ರ ತೆರೆದಿರುತ್ತದೆ. ಮೈಕ್ರೋಸ್ಲೀಪ್ ಅಂತಾರೆ. ಮುಚ್ಚಿದ್ದೂ ತೆರೆದಿದ್ದೂ ಅವನಿಗೆ ತಿಳಿಯುವುದಿಲ್ಲ. ಸತತ 17 ಗಂಟೆ ಎಚ್ಚರವಿದ್ದವನ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ 0.05 ಶೇಕಡ ಮದ್ಯ ಇರುವವನ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲೇ ತೋರಿಸಿದ್ದಾರೆ. ನಾವು ಹಾರುವ ಮುನ್ನ ಬಾಯಿ ಊದಿಸಿ ಪರೀಕ್ಷೆ ಮಾಡುತ್ತಾರೆ. ನಿದ್ದೆಗೆ ಅಂಥ ಯಂತ್ರವಿಲ್ಲ.

ರಾತ್ರಿ 2ರಿಂದ ಬೆಳಿಗ್ಗೆ 6ರವರೆಗೆ ದೇಹದ ಗಡಿಯಾರ ತಳ ಹಿಡಿದಿರುತ್ತದೆ. ಮೈ ಬಿಸಿ ಇಳಿಯುತ್ತದೆ, ಪ್ರತಿಕ್ರಿಯೆ ತಡವಾಗುತ್ತದೆ. ಹಿಂದಿನ ದಿನ ಎಷ್ಟೇ ಮಲಗಿರಿ, ಈ ಹೊತ್ತು ಬಿಡುವುದಿಲ್ಲ.

ಮಂಗಳೂರಿನ ದುರಂತ ನಡೆದದ್ದು ಈ ಹೊತ್ತಿನ ಅಂಚಿನಲ್ಲೇ. 2010ರ ಮೇ 22, ಬೆಳಿಗ್ಗೆ ಆರು ದಾಟಿತ್ತು ಅಷ್ಟೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಅದೇ ಸಿಬ್ಬಂದಿ ಹಿಂದಿನ ರಾತ್ರಿ ಮಂಗಳೂರಿನಿಂದ ದುಬೈಗೆ ಹೋಗಿ, ಅಲ್ಲಿಂದಲೇ ತಿರುಗಿ ಬರುತ್ತಿದ್ದರು. ಬಜ್ಪೆಯ ಗುಡ್ಡದ ತಲೆಯ ರನ್‌ವೇ ದಾಟಿ ವಿಮಾನ ಕಮರಿಗೆ ಬಿತ್ತು. 158 ಜನ ಹೋದರು, 8 ಜನ ಉಳಿದರು. ಕಾಕ್‌ಪಿಟ್ಟಿನ ಧ್ವನಿಮುದ್ರಣದಲ್ಲಿ ಮೊದಲ 1 ಗಂಟೆ 40 ನಿಮಿಷದಷ್ಟು ಕ್ಯಾಪ್ಟನ್ನರ ಮಾತೇ ಇಲ್ಲ, ಇದ್ದದ್ದು ಗೊರಕೆಯ ಸದ್ದು. ‘ಪೈಲಟ್ ನಿದ್ದೆ ಮಾಡಿದ್ದ’ ಎಂದು ಊರೆಲ್ಲ ಬೈಯಿತು. ನನಗೆ ನಿದ್ದೆಗಿಂತ ಹೆಚ್ಚು ಕಾಡುವುದು ಎದ್ದ ಮೇಲಿನ ನಿಮಿಷಗಳು. ಗಾಢ ನಿದ್ದೆಯಿಂದ ಎದ್ದವನಿಗೆ ಅರ್ಧ ಗಂಟೆಯವರೆಗೂ ಮಂಪರು ಹರಿಯದೇ ಇರಬಹುದು, ತೀರ್ಮಾನಗಳು ಕುಂಟುತ್ತವೆ. ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಯಂತ್ರ ಎಚ್ಚರಿಸಿತು. ಸಹ ಪೈಲಟ್ ‘ಗೋ ಅರೌಂಡ್’ ಎಂದರು, ಅಂದರೆ ಇಳಿಯಬೇಡಿ, ಮೇಲೇರಿ ಸುತ್ತು ಹಾಕಿ ಬನ್ನಿ. ಕ್ಯಾಪ್ಟನ್ ಇಳಿಸಿಬಿಟ್ಟರು. ಅವರು ರಜೆ ಮುಗಿಸಿ ಬಂದಿದ್ದವರು, ಕಾಗದದಲ್ಲಿ ವಿಶ್ರಾಂತಿಗೆ ಕೊರತೆ ಇರಲಿಲ್ಲ.

ಆ ಕಾಗದದ ಲೆಕ್ಕ ಹೇಗಿರುತ್ತದೆ ನೋಡಿ. ರಾತ್ರಿಯೆಲ್ಲ ಹಾರಿ ಬೆಳಿಗ್ಗೆ 7ಕ್ಕೆ ಡ್ಯೂಟಿ ಮುಗಿಯಿತು. ಮತ್ತೆ ಹಾಜರಿ ರಾತ್ರಿ 9ಕ್ಕೆ. ಹದಿನಾಲ್ಕು ಗಂಟೆ ವಿಶ್ರಾಂತಿ! ಹೋಟೆಲ್ ಮುಟ್ಟಿ, ಮಿಂದು, ತಿಂಡಿ ತಿಂದು ಮಲಗುವಾಗ ಹತ್ತು. ಪರದೆಯ ಸಂದಿಯಿಂದ ಬಿಸಿಲು. ಹನ್ನೆರಡೂವರೆಗೆ ರೂಮು ಗುಡಿಸುವವರು ಬಾಗಿಲು ತಟ್ಟುತ್ತಾರೆ. ಒಂದೂವರೆಗೆ ಪೂರ್ತಿ ಎಚ್ಚರ, ಹೊರಳಾಡಿದರೂ ಮತ್ತೆ ನಿದ್ದೆ ಹತ್ತದು. ಆದದ್ದು ಮೂರೂವರೆ ಗಂಟೆಗೂ ಕಡಿಮೆ.

ಅಂಥದೇ ಒಂದು ರಾತ್ರಿಯ ಕೊನೆಗೆ, ನಾಲ್ಕೂವರೆಯ ಸುಮಾರಿಗೆ, ಇಳಿಯುವಾಗ ಕಂಟ್ರೋಲರ್ 6,000 ಅಡಿ ಎಂದದ್ದಕ್ಕೆ ನಾನೂ ‘ಆರು ಸಾವಿರ’ ಎಂದೇ ಉತ್ತರಿಸಿ, ಕೈಯಲ್ಲಿ ಮಾತ್ರ ಎತ್ತರದ ಗುಂಡಿಯನ್ನು 5,000ಕ್ಕೆ ತಿರುಗಿಸಿದ್ದೆ. ಪಕ್ಕದ ಹುಡುಗಿ, ಹೊಸ ಸಹ ಪೈಲಟ್, ಗಂಟಲು ಸರಿಮಾಡಿಕೊಂಡು “ಸರ್, ಆರಲ್ವಾ?” ಎಂದಳು. ಆ ಗಂಟಲು ಸರಿಮಾಡಿಕೊಳ್ಳಲು ಹೋದ ಎರಡು ಸೆಕೆಂಡು ಇನ್ನೂ ನೆನಪಿದೆ. ಹಿರಿಯರನ್ನು ತಿದ್ದುವುದು ನಮ್ಮಲ್ಲಿ ಕಷ್ಟ. ದಣಿವಾಗಿದೆ ಎಂದು ಬರೆದುಕೊಡುವುದು ಇನ್ನೂ ಕಷ್ಟ. ನಾನು ಎಷ್ಟೋ ಸಲ ಬರೆಯಬೇಕಿತ್ತು, ಬರೆದದ್ದು ಒಂದೇ ಸಲ. ಮರುದಿನವೇ ಆಫೀಸಿನಿಂದ “ಏನು ಸಮಸ್ಯೆ?” ಎಂದು ಫೋನ್ ಬಂತು. ಆಮೇಲೆ ಬರೆಯಲಿಲ್ಲ.

ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ 2024ರಲ್ಲಿ ಪೈಲಟ್‌ಗಳ ಡ್ಯೂಟಿ, ವಿಶ್ರಾಂತಿಯ ನಿಯಮ ತಿದ್ದಿತು: ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ, ‘ರಾತ್ರಿ’ಯ ಗಡಿ ಬೆಳಿಗ್ಗೆ 5ರಿಂದ 6ಕ್ಕೆ, ರಾತ್ರಿ ಪಾಳಿಯಲ್ಲಿ ವಿಮಾನ ಇಳಿಸುವುದು ಆರು ಸಲದಿಂದ ಎರಡು ಸಲಕ್ಕೆ. ಜಾರಿಯಾದದ್ದು 2025ರ ಜುಲೈ ಮತ್ತು ನವೆಂಬರ್‌ನಲ್ಲಿ, ಎರಡು ಕಂತಾಗಿ. ಡಿಸೆಂಬರ್‌ನಲ್ಲಿ ಇಂಡಿಗೋ ಸಾವಿರಾರು ವಿಮಾನ ರದ್ದು ಮಾಡಿದಾಗ ತಾತ್ಕಾಲಿಕ ವಿನಾಯಿತಿಯೂ ಸಿಕ್ಕಿತು. ಜನರ ಪರದಾಟ ನಿಜ. ಆದರೆ ಗಡುವು ಮೊದಲೇ ಗೊತ್ತಿದ್ದ ನಿಯಮಕ್ಕೆ ಪೈಲಟ್‌ಗಳನ್ನು ಸಾಕಷ್ಟು ಇಟ್ಟುಕೊಳ್ಳದಿದ್ದರೆ ತಪ್ಪನ್ನು ನಿಯಮದ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ಕಾಕ್‌ಪಿಟ್ಟಿನಲ್ಲಿ ನಿದ್ದೆಯೇ ಕೂಡದೆ? ಕೂಡುತ್ತದೆ, ಹೇಳಿ ಮಾಡಿದರೆ. ನಾಸಾ ಪ್ರಯೋಗದಲ್ಲಿ ಪೈಲಟ್‌ಗಳಿಗೆ ಸರದಿಯಲ್ಲಿ 40 ನಿಮಿಷ ಬಿಡುವು ಕೊಟ್ಟರು. ಅವರು ಸರಾಸರಿ 26 ನಿಮಿಷ ಮಲಗಿದರು, ಇಳಿಯುವ ಹೊತ್ತಿಗೆ ಮಲಗದವರಿಗಿಂತ ಚುರುಕಾಗಿದ್ದರು. ಹೇಳದೆ ಬಂದರೆ 2024ರ ಜನವರಿಯಲ್ಲಿ ಇಂಡೋನೇಷ್ಯಾದಲ್ಲಿ ಆದಂತೆ ಆಗುತ್ತದೆ. ಬಾಟಿಕ್ ಏರ್‌ನ ಇಬ್ಬರೂ ಪೈಲಟ್‌ಗಳು 28 ನಿಮಿಷ ಒಟ್ಟಿಗೇ ನಿದ್ದೆ ಹೋದರು. ಸಹ ಪೈಲಟ್‌ಗೆ ಮನೆಯಲ್ಲಿ ಒಂದು ತಿಂಗಳ ಅವಳಿ ಕೂಸುಗಳಿದ್ದವು.

ಆ ರಾತ್ರಿ ಕೂಟುಪುಳ ಸೇತುವೆ ದಾಟಿದ ಮೇಲೆ ಗಾಡಿ ಬದಿಗೆ ಹಾಕಿಸಿ, ಮೊಬೈಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟೆ. “ನಿಮ್ಮ ಫ್ಲೈಟು ಸಾರ್?” ಎನ್ನುತ್ತಲೇ ಅವನ ತಲೆ ಸೀಟಿಗೊರಗಿತ್ತು. ಎದ್ದ ಮೇಲೂ ಚಹಾ ಕುಡಿಸಿ, ಹತ್ತು ನಿಮಿಷ ರಸ್ತೆ ಬದಿಯಲ್ಲಿ ಅಡ್ಡಾಡಿಸಿದೆ. ಇರಿಟ್ಟಿ ಬರುವಷ್ಟರಲ್ಲಿ ಈ ಸಲದ ಕರಿಮೆಣಸಿನ ರೇಟಿನ ಬಗ್ಗೆ ಅವನ ಮಾತು ಮತ್ತೆ ಶುರುವಾಯಿತು.