ಎಕ್ಸೆಲ್ ಸೆಲ್ಲಿನೊಳಗಿನ ಅಹರ್ಗಣ

ಎಕ್ಸೆಲ್ ಹಾಳೆಯಲ್ಲಿ 15-8-1947 ಎಂದು ಬರೆದಿಟ್ಟ ಜಾಗದಲ್ಲಿ ಒಂದು ದಿನ ಇದ್ದಕ್ಕಿದ್ದಂತೆ 17394 ಎಂಬ ಅಂಕಿ ಕಾಣಿಸಿಕೊಂಡರೆ, ಹಲವರು ಫೈಲ್ ಕೆಟ್ಟಿತೆಂದೋ ವೈರಸ್ ಹೊಕ್ಕಿತೆಂದೋ ತೀರ್ಮಾನಿಸಿ, ನೂರಾರು ಸಾಲುಗಳನ್ನು ಮತ್ತೆ ಮೊದಲಿನಿಂದ ತುಂಬಲು ಕೂರುತ್ತಾರೆ. ಆ ವ್ಯರ್ಥ ಶ್ರಮವನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಅಲ್ಲಿ ಏನೂ ಕಳೆದುಹೋಗಿರುವುದಿಲ್ಲ. ಆ ಸೆಲ್ಲಿನಲ್ಲಿ ಮೊದಲಿನಿಂದಲೂ ಇದ್ದದ್ದು 17394. ದಿನಾಂಕವು ಅದಕ್ಕೆ ತೊಡಿಸಿದ್ದ ವೇಷ.

ಎಕ್ಸೆಲ್ 1900ರ ಜನವರಿ 1ನ್ನು ಒಂದನೆಯ ದಿನವೆಂದು ಹಿಡಿದು, ತಿಂಗಳು ವರ್ಷಗಳ ಗೊಡವೆಯಿಲ್ಲದೆ ದಿನಗಳನ್ನು ಒಂದೇ ಸಮನೆ ಎಣಿಸುತ್ತದೆ. ನಮ್ಮ ಖಗೋಳ ಸಿದ್ಧಾಂತ ಗ್ರಂಥಗಳಲ್ಲಿ ಇಂತಹ ದಿನಗಣನೆಗೆ ಅಹರ್ಗಣವೆಂದು ಹೆಸರು. ಕ್ರಿ.ಪೂ. 3102ರ ಫೆಬ್ರವರಿ 18ರಂದು ಕಲಿಯುಗ ಆರಂಭವಾಯಿತೆಂದು ಇಟ್ಟುಕೊಂಡು, ಅಲ್ಲಿಂದ ಕಳೆದ ದಿನಗಳ ಸಂಖ್ಯೆಯನ್ನು ಮೊದಲು ಕಂಡುಹಿಡಿದು, ಅದರಿಂದ ತ್ರೈರಾಶಿಕದ, ಅಂದರೆ ಅನುಪಾತದ ಲೆಕ್ಕದ ಮೂಲಕ ಗ್ರಹಗಳ ಸ್ಥಾನವನ್ನು ಗಣಿಸುತ್ತಿದ್ದರು. ಅಧಿಕಮಾಸ, ಕ್ಷಯತಿಥಿಗಳಿಂದ ತೊಡಕಾದ ಪಂಚಾಂಗದಲ್ಲಿ ಎರಡು ದಿನಗಳ ಅಂತರವನ್ನು ನೇರವಾಗಿ ಕಳೆಯಲಾಗದು. ಅಹರ್ಗಣದಲ್ಲಾದರೆ ಅದು ಬರಿಯ ವ್ಯವಕಲನ. ಕರ್ನಾಟಕ ಏಕೀಕರಣವಾದ 1956ರ ನವೆಂಬರ್ 1 ಎಕ್ಸೆಲ್ಲಿಗೆ 20760 ಆಗಿರುವುದರಿಂದ, ಸ್ವಾತಂತ್ರ್ಯ ಬಂದು 3366 ದಿನಗಳ ನಂತರ ಅದು ನಡೆಯಿತೆಂದು ತಿಳಿಯಲು ಯಾವ ಕ್ಯಾಲೆಂಡರನ್ನೂ ತಿರುವಬೇಕಾಗಿಲ್ಲ. ಅಂಗಡಿಯ ಮೂಟೆಯಲ್ಲಿರುವ ಅಕ್ಕಿಯನ್ನು ಸೇರಿನಲ್ಲಿ ಅಳೆದರೂ ಕಿಲೋದಲ್ಲಿ ತೂಗಿದರೂ ಅಕ್ಕಿ ಅಷ್ಟೇ ಇರುವಂತೆ, ಸೆಲ್ಲಿನ ಫಾರ್ಮ್ಯಾಟ್ ಬದಲಾದರೆ ಕಾಣುವ ರೂಪ ಬದಲಾಗುತ್ತದೆಯೇ ಹೊರತು ಒಳಗಿನ ಸಂಖ್ಯೆ ಕದಲುವುದಿಲ್ಲ. ದಿನಾಂಕದ ಫಾರ್ಮ್ಯಾಟನ್ನು ಮತ್ತೆ ಆರಿಸಿದೊಡನೆ 17394 ಹಳೆಯ ವೇಷಕ್ಕೆ ಮರಳುತ್ತದೆ. ಇಡೀ ಹಾಳೆಯ ದಿನಾಂಕಗಳೆಲ್ಲ ಒಮ್ಮೆಲೇ ಅಂಕಿಗಳಾಗಿ ಕಾಲಂಗಳೂ ಅಗಲವಾಗಿ ಕಂಡರೆ, ಸೂತ್ರಗಳನ್ನು ತೋರಿಸುವ ಆಯ್ಕೆ ಕೈತಪ್ಪಿ ಚಾಲೂ ಆಗಿರುತ್ತದೆ. ಕಂಟ್ರೋಲ್ ಕೀಲಿಯೊಡನೆ, ಟ್ಯಾಬ್ ಕೀಲಿಯ ಮೇಲಿರುವ ಕೀಲಿಯನ್ನು ಇನ್ನೊಮ್ಮೆ ಒತ್ತಿದರೆ ಸರಿಹೋಗುತ್ತದೆ.

ಈ ಎಣಿಕೆಯಲ್ಲಿ ಒಂದು ಹಳೆಯ ತಪ್ಪು ಇಂದಿಗೂ ಉಳಿದಿದೆ. ನೂರರಿಂದ ಭಾಗವಾಗುವ ವರ್ಷ ಅಧಿಕ ವರ್ಷವಾಗಬೇಕಾದರೆ ಅದು 400ರಿಂದಲೂ ಭಾಗವಾಗಬೇಕು. ಹಾಗಾಗಿ 1900ರಲ್ಲಿ ಫೆಬ್ರವರಿ 29 ಇರಲಿಲ್ಲ. ಆದರೆ 1983ರಲ್ಲಿ ಬಂದ ಲೋಟಸ್ 1-2-3 ಎಂಬ ಲೆಕ್ಕಹಾಳೆಯ ತಂತ್ರಾಂಶ ಅದನ್ನು ಅಧಿಕ ವರ್ಷವೆಂದೇ ಎಣಿಸಿತು, ಅದರ ಕಡತಗಳೊಡನೆ ಹೊಂದಿಕೊಳ್ಳಲು ಎಕ್ಸೆಲ್ ಕೂಡ ಹಾಗೆಯೇ ಮಾಡಿತು. ಇಂದಿಗೂ ಸೆಲ್ಲಿನಲ್ಲಿ 60 ಎಂದು ಬರೆದು ದಿನಾಂಕದ ರೂಪ ಕೊಟ್ಟರೆ, ಇತಿಹಾಸದಲ್ಲಿ ಇಲ್ಲದ ಆ ದಿನ ಮೂಡುತ್ತದೆ. ಮ್ಯಾಕಿಂತೋಷ್‌ನ ಎಕ್ಸೆಲ್ ಈ ತೊಡಕನ್ನು ತಪ್ಪಿಸಿ 1904ರಿಂದ ಎಣಿಕೆ ಆರಂಭಿಸಿದ್ದರಿಂದ, ಅಂತಹ ಹಳೆಯ ಕಡತದಿಂದ ನಕಲು ಮಾಡಿದ ದಿನಾಂಕಗಳು 1462 ದಿನಗಳಷ್ಟು, ಅಂದರೆ ನಾಲ್ಕು ವರ್ಷ ಒಂದು ದಿನ, ಸರಿದು ಕಾಣಬಹುದು.

ಗಂಟೆ ನಿಮಿಷಗಳು ದಿನದ ಭಿನ್ನರಾಶಿಗಳು: ಬೆಳಗಿನ ಆರು ಗಂಟೆ 0.25, ಮಧ್ಯಾಹ್ನ ಹನ್ನೆರಡು 0.5. ಸೆಲ್ ತುಂಬ ##### ಕಂಡಾಗ ಕಾಲಂ ಅಗಲಿಸಿದರೆ ಸಾಕೆಂಬುದು ಎಲ್ಲರಿಗೂ ಗೊತ್ತು, ಆದರೆ ರಾತ್ರಿ ಪಾಳಿಯ ಹಾಜರಿ ಲೆಕ್ಕದಲ್ಲಿ ಎಷ್ಟು ಅಗಲಿಸಿದರೂ ಆ ಚಿಹ್ನೆಗಳು ಹೋಗುವುದಿಲ್ಲ. ಬೆಳಗಿನ ಆರರಿಂದ ಹಿಂದಿನ ರಾತ್ರಿಯ ಹತ್ತನ್ನು ಕಳೆದರೆ ಸೊನ್ನೆಗಿಂತ ಕಡಿಮೆ ಬರುತ್ತದೆ, 1900ರ ಎಣಿಕೆಯಲ್ಲಿ ಋಣ ಕಾಲಕ್ಕೆ ತೋರಿಸಲು ರೂಪವಿಲ್ಲ. ಮುಗಿದ ಸಮಯಕ್ಕೆ 1 ಕೂಡಿಸಿ, ಅಂದರೆ ಒಂದು ದಿನ ಮುಂದೊಯ್ದು ಕಳೆದರೆ, ಎಂಟು ಗಂಟೆ ಸರಿಯಾಗಿ ಬರುತ್ತದೆ.

ನಿಜವಾಗಿ ಆತಂಕ ಪಡಬೇಕಾದ ಸಂದರ್ಭದಲ್ಲಿ ಪರದೆ ಶಾಂತವಾಗಿರುತ್ತದೆ. ಕಂಪ್ಯೂಟರಿನ ಸೆಟ್ಟಿಂಗ್‌ನಲ್ಲಿ ಪ್ರದೇಶ ಅಮೆರಿಕ ಎಂದಿದ್ದರೆ ಅದು ತಿಂಗಳನ್ನು ಮೊದಲು ಓದುವುದರಿಂದ, ಆಗಸ್ಟ್ ಐದೆಂದು ನಾವು ಬರೆದ 5-8-2024 ಮೇ ಎಂಟಾಗಿ ಬೇರೆಯೇ ಸಂಖ್ಯೆಯಾಗುತ್ತದೆ. 15-8-2024 ಎಂಬುದಕ್ಕೆ ಹದಿನೈದನೆಯ ತಿಂಗಳು ಸಿಗದೆ ಅದು ಬರಿಯ ಅಕ್ಷರವಾಗಿ ಉಳಿಯುತ್ತದೆ. ಇಲ್ಲಿ ವೇಷ ತೆಗೆದರೂ ಮೂಲ ಸಿಗುವುದಿಲ್ಲ. ನಾವು ಬೇರೆ ಜೋಡಣೆ ಮಾಡಿರದಿದ್ದರೆ ಸಂಖ್ಯೆಗಳು ಸೆಲ್ಲಿನ ಬಲಕ್ಕೂ ಅಕ್ಷರಗಳು ಎಡಕ್ಕೂ ಅಂಟುವುದರಿಂದ, ಒಂದೇ ಕಾಲಂನಲ್ಲಿ ಕೆಲವು ದಿನಾಂಕಗಳು ಎಡಕ್ಕೆ ಸರಿದಿದ್ದರೆ, ಬಲಕ್ಕಿರುವವುಗಳಲ್ಲಿ ದಿನ ಮತ್ತು ತಿಂಗಳು ಅದಲುಬದಲಾಗಿವೆಯೇ ಎಂದು ಮೂಲ ದಾಖಲೆಯೊಡನೆ ಹೋಲಿಸಿ ನೋಡಬೇಕು.