ಹಡಗಿನ ಹೊಟ್ಟೆಯೂ ಅಲೆಯ ಲೆಕ್ಕವೂ

ಹಡಗು ಸಾಗಿದ ಹಿಂದೆ ಹರಡಿಕೊಳ್ಳುವ ಅಲೆಗಳು ನೋಡಲು ಚೆಂದ. ಆದರೆ ಅವನ್ನು ಎಬ್ಬಿಸಲು ಉರಿದದ್ದು ಇಂಜಿನ್ನಿನ ಡೀಸೆಲ್ಲೇ ಅಲ್ವಾ? ನೀರು ಹಡಗನ್ನು ಮುಖ್ಯವಾಗಿ ಎರಡು ರೀತಿಯಲ್ಲಿ ತಡೆಯುತ್ತದೆ: ತಳಕ್ಕೆ ಉಜ್ಜಿ, ಮತ್ತು ಅಲೆಯಾಗಿ ಎದ್ದು. ನಿಧಾನಕ್ಕೆ ಹೋಗುವಾಗ ಘರ್ಷಣೆಯದೇ ಕಾಟ ಜಾಸ್ತಿ. ವೇಗ ಹೆಚ್ಚಿದ ಹಾಗೆ ಅಲೆಯ ಪಾಲು ಒಮ್ಮೆಲೇ ಏರಿಬಿಡುತ್ತದೆ.

16 ಮೀಟರ್ ಉದ್ದದ ಒಂದು ಮೋಟಾರ್ ಯಾಟ್ (ಖಾಸಗಿ ವಿಹಾರ ನೌಕೆ) ತೆಗೆದುಕೊಳ್ಳಿ. ಸೆಕೆಂಡಿಗೆ 2.5 ಮೀಟರ್ ವೇಗದಲ್ಲಿ ಅದು ಎಬ್ಬಿಸುವ ಅಲೆಯ ಉದ್ದ ಸುಮಾರು 4 ಮೀಟರ್. ವೇಗ ಎರಡು ಪಟ್ಟಾದರೆ ಅಲೆ ನಾಲ್ಕು ಪಟ್ಟು ಉದ್ದವಾಗುತ್ತದೆ, ಅಂದರೆ 16 ಮೀಟರ್. ಈಗ ಒಂದು ಉಬ್ಬು ಮೂತಿಯ ಹತ್ತಿರ, ಮುಂದಿನದು ಸರಿಯಾಗಿ ಹಿಂಬದಿಗೆ. ಇನ್ನೂ ವೇಗ ಹೆಚ್ಚಿಸಿದರೆ ಹಿಂಬದಿಯ ಉಬ್ಬು ಕೈಬಿಟ್ಟು ಹೋಗುತ್ತದೆ. ಹಿಂಭಾಗ ತಗ್ಗಿಗೆ ಇಳಿದು ಮೂತಿ ಮೇಲೇಳುತ್ತದೆ. ಯಾಟ್ ತಾನೇ ಎಬ್ಬಿಸಿದ ಗುಡ್ಡವನ್ನು ಹತ್ತುತ್ತಾ ಏದುಸಿರು ಬಿಡುತ್ತದೆ. 100 ಮೀಟರ್ ಹಡಗಿಗೆ ಇದೇ ಗತಿ ಬರುವುದು ಸುಮಾರು 24 ನಾಟ್, ಅಂದರೆ ಗಂಟೆಗೆ ಹೆಚ್ಚುಕಡಿಮೆ 44 ಕಿಲೋಮೀಟರ್ ವೇಗದಲ್ಲಿ. ಕ್ಯಾಟಮರಾನ್‌ಗಳು ಎರಡು ಸಪೂರ ಒಡಲುಗಳ ಮೇಲೆ ನಿಂತು ಅಲೆಯನ್ನೇ ಸಣ್ಣದು ಮಾಡಿಕೊಳ್ಳುತ್ತವೆ.

ಹಾಗಾದರೆ ಎಲ್ಲಕ್ಕಿಂತ ಒಳ್ಳೆಯ ಆಕಾರ ಯಾವುದು? 1860ರ ದಶಕದಲ್ಲಿ ಇಂಗ್ಲೆಂಡಿನ ಇಂಜಿನಿಯರ್ ವಿಲಿಯಂ ಫ್ರೂಡ್ ಚೂಪು ಮೂತಿಯ 'ರೇವನ್', ಗುಂಡು ಮೂತಿಯ 'ಸ್ವಾನ್' ಎಂಬ ಮಾದರಿಗಳನ್ನು 3, 6, 12 ಅಡಿ ಅಳತೆಯಲ್ಲಿ ಮಾಡಿಸಿ ನೀರಿನಲ್ಲಿ ಎಳೆದು ನೋಡಿದರು. ಯಾವುದೂ ಎಲ್ಲ ವೇಗದಲ್ಲೂ ಗೆಲ್ಲಲಿಲ್ಲ. ಹಡಗಿನ ಆಕಾರ ಎಂದರೆ ಒಂದು ವೇಗದ ಮೇಲೆ ಕಟ್ಟಿದ ಬಾಜಿ.

ದೊಡ್ಡ ಹಡಗುಗಳ ಮೂತಿಯ ಕೆಳಗೆ ನೀರಲ್ಲಿ ಮುಳುಗಿರುವ ಗಡ್ಡೆ ಇದಕ್ಕೆ ಒಳ್ಳೆಯ ಸಾಕ್ಷಿ. ನೋಡಿದರೆ ಸುಮ್ನೆ ಅಡ್ಡಿ ಅನ್ನಿಸುತ್ತದೆ. ಆದರೆ ಗಡ್ಡೆಯೂ ತನ್ನದೊಂದು ಅಲೆ ಎಬ್ಬಿಸುತ್ತದೆ. ಆ ಅಲೆಯ ತಗ್ಗು ಮೂತಿಯ ಅಲೆಯ ಉಬ್ಬಿನ ಮೇಲೆ ಬಂದು ಕೂತರೆ ಎರಡೂ ಒಂದನ್ನೊಂದು ನುಂಗುತ್ತವೆ. ಅಮೆರಿಕದ ನೌಕಾ ವಿನ್ಯಾಸಕ ಡೇವಿಡ್ ಟೇಲರ್ ಇದನ್ನು 1910ರಲ್ಲಿ ಸೇವೆಗೆ ಬಂದ 'ಡೆಲವೇರ್' ಯುದ್ಧನೌಕೆಗೆ ಅಳವಡಿಸಿದ್ದರು. ವೇಗ ಬದಲಾದರೆ ಅಲೆಯ ಉದ್ದ ಬದಲಾಗುತ್ತದೆ, ಲೆಕ್ಕ ತಪ್ಪುತ್ತದೆ. 2008ರ ನಂತರ ಆಗಿದ್ದೂ ಇದೇ. ವೇಗ 20% ಇಳಿಸಿದರೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇಂಧನ ಉಳಿಸಲು ಕಂಟೇನರ್ ಹಡಗುಗಳು ನಿಧಾನವಾದವು. ಹಳೆಯ ವೇಗಕ್ಕೆ ಹೇಳಿ ಮಾಡಿಸಿದ ಗಡ್ಡೆ ಈಗ ಹೊರೆಯಾಯಿತು. ಮೇರ್ಸ್ಕ್‌ನಂಥ ಹಡಗು ಕಂಪನಿಗಳು ಗಟ್ಟಿಮುಟ್ಟಾದ ಹಡಗುಗಳ ಮೂತಿ ಕತ್ತರಿಸಿ ಬೇರೆಯದನ್ನು ಬೆಸೆದವು!

ಯಾಟ್‌ಗಳ ಕಥೆ ಇನ್ನೂ ವಿಚಿತ್ರ. ಬ್ರೋಷರ್‌ಗಳು ಗರಿಷ್ಠ ವೇಗವನ್ನೇ ಕೂಗಿ ಹೇಳುತ್ತವೆ. ಮಾಲೀಕರು ಆ ವೇಗದಲ್ಲಿ ಎಷ್ಟು ಹೊತ್ತು ಓಡಿಸುತ್ತಾರೋ, ದೇವರೇ ಬಲ್ಲ. ನೀರಿನ ಮೇಲೆ ಜಾರಿ ಓಡಲೆಂದು ಮಾಡಿದ ಅಗಲ ಹಿಂಬದಿ, ನಿಧಾನಕ್ಕೆ ಹೋಗುವಾಗ ಸುಳಿನೀರನ್ನು ಎಳೆದುಕೊಂಡು ಬರುತ್ತದೆ. ನೆದರ್ಲೆಂಡ್ಸ್‌ನ ವಾನ್ ಊಸಾನೆನ್ ಎಂಬ ಹಡಗು ವಿನ್ಯಾಸ ಸಂಸ್ಥೆ ಒಂದೇ ವೇಗಕ್ಕೆ ಜೋತುಬೀಳದೆ ನಿಧಾನಕ್ಕೂ ಜೋರಿಗೂ ಒಗ್ಗುವ ಒಡಲನ್ನು ರೂಪಿಸಿತು. 2013ರಲ್ಲಿ ಬಂದ 65 ಮೀಟರ್‌ನ 'ಗ್ಯಾಲಕ್ಟಿಕಾ ಸ್ಟಾರ್' ಅದೇ ಬಗೆಯದು. ನನಗೆ ಇಷ್ಟವಾದದ್ದು ಆ ಸಂಸ್ಥೆಯ ಸ್ಥಾಪಕ ಪೀಟ್ ವಾನ್ ಊಸಾನೆನ್ ಅವರ 'ಹಲ್ ವೇನ್'. ಹಿಂಬದಿಯ ಕೆಳಗೆ ನೀರೊಳಗೆ ಕೂರಿಸಿದ ಒಂದು ರೆಕ್ಕೆ, ಅಷ್ಟೇ. ಅಲ್ಲಿ ನೀರು ಓರೆಯಾಗಿ ಮೇಲೇರುತ್ತದೆ. ರೆಕ್ಕೆಗೆ ಸಿಗುವ ಎತ್ತುಬಲವೂ ಸ್ವಲ್ಪ ಮುಂದಕ್ಕೆ ವಾಲಿ ಹಡಗನ್ನು ತಳ್ಳುತ್ತದೆ. ಹಡಗು ತೀರಾ ನಿಧಾನವಾದರೆ ಅದೂ ಭಾರವೇ.

ಘರ್ಷಣೆಗೆ ಬೇರೆ ಮದ್ದಿದೆ: ತಳದಡಿ ಗಾಳಿಗುಳ್ಳೆಗಳ ಹಾಸು. ಮಿತ್ಸುಬಿಷಿ 2010ರಲ್ಲಿ 'ಯಾಮಾಟೈ' ಹಡಗಿಗೆ ಇದನ್ನು ಹಾಕಿತು. ಗಾಳಿ ಊದುವ ಯಂತ್ರಕ್ಕೂ ಶಕ್ತಿ ಬೇಕು, ಅದನ್ನು ಕಳೆದ ಮೇಲೆ ಉಳಿದದ್ದೇ ಲಾಭ. ಚಪ್ಪಟೆ ತಳದ ಸರಕು ಹಡಗಿಗೆ ಇದು ಸರಿಹೊಂದುತ್ತದೆ. ಯಾಟ್‌ನ ಇಳಿಜಾರು ತಳದಲ್ಲಿ ಗುಳ್ಳೆಗಳು ನಿಲ್ಲುವುದಿಲ್ಲ, ಪಕ್ಕಕ್ಕೆ ಜಾರಿ ಮೇಲೆದ್ದುಬಿಡುತ್ತವೆ.